ಯುರೋಪಲ್ಲಿ ರೈಲು ಟಿಕೆಟ್ ಬುಕ್ ಮಾಡೋದು, ಗಾಡಿ ಬದಲಾಯಿಸೋದು: ಮೈಸೂರಿಂದ ಹೊರಡೋರಿಗೆ ಶುರುವಿಂದ ಕೊನೆತನಕ

ಅಪ್ಪ ಅಮ್ಮನ್ನ ಕರ್ಕೊಂಡು ಅಕ್ಕನ ಮನೆಗೆ ಅಂತ ಜರ್ಮನಿಗೆ ಹೋಗಿದ್ವಿ, ಅಲ್ಲಿಂದ ಸ್ವಿಟ್ಜರ್ಲೆಂಡು, ಪ್ಯಾರಿಸ್ಸು, ಎಲ್ಲಾ ಓಡಾಡಿದ್ದು ರೈಲಲ್ಲೇ. ವಾಪಸ್ ಬಂದಾಗಿಂದ ಕುವೆಂಪುನಗರದಲ್ಲಿ ನಮ್ಮ ರಸ್ತೆಯೋರು, ಮಂಡ್ಯದ ಮಾವನ ಮನೆಯೋರು, ಅಪ್ಪನ ಜೊತೆ ಬೆಳಿಗ್ಗೆ ವಾಕಿಂಗ್ ಬರೋರು ಎಲ್ಲಾ ಕೇಳೋದು ಅದೇ ಪ್ರಶ್ನೆ, ಅಲ್ಲಿ ಟಿಕೆಟ್ ಎಲ್ಲಿ ಮಾಡ್ಸೋದು, ಸೀಟ್ ಸಿಗತ್ತಾ, ಗಾಡಿ ತಪ್ಪೋದ್ರೆ ಏನು ಗತಿ. ಮಗಳೋ ಮಗನೋ ಹೊರದೇಶದಲ್ಲಿರೋ ಮನೆಗಳು ಈಗ ನಮ್ಮೂರಲ್ಲಿ ಬೀದಿಗೆ ನಾಲ್ಕಿವೆ, ಅವರೆಲ್ಲ ಒಂದಲ್ಲ ಒಂದಿನ ಹೋಗೋರೇ, ಅದಕ್ಕೆ ಗೊತ್ತಿರೋದೆಲ್ಲ ಒಂದ್ಕಡೆ ಬರೆದಿಡ್ತಿದೀನಿ.

ಮೊದಲು ಒಂದು ಮಾತು. ನಮಗಿಲ್ಲಿ ರೂಢಿ ಆಗಿರೋ ಭಯ ಅಂದ್ರೆ ವೈಟಿಂಗ್ ಲಿಸ್ಟು. ಬುಕಿಂಗ್ ಓಪನ್ ಆದ ದಿನಾನೇ ಕೂತು ಮಾಡ್ಬೇಕು, ಆಗ್ಲಿಲ್ಲ ಅಂದ್ರೆ ತತ್ಕಾಲ್, ಅದೂ ಆಗ್ಲಿಲ್ಲ ಅಂದ್ರೆ ಚಾರ್ಟ್ ಬರೋತನಕ ದೇವರ ಮೇಲೆ ಭಾರ. ಯುರೋಪಲ್ಲಿ ಹಗಲು ಗಾಡಿಗಳಿಗೆ ಆ ಥರದ ವೈಟಿಂಗ್ ಲಿಸ್ಟ್ ಅನ್ನೋದೇ ಇಲ್ಲ, ಜರ್ಮನಿ ಸ್ವಿಟ್ಜರ್ಲೆಂಡಲ್ಲಂತೂ ಸೀಟ್ ರಿಸರ್ವ್ ಮಾಡದೇನೂ ಹತ್ತಬಹುದು. ಅಲ್ಲಿ ತಲೆ ಕೆಡಿಸ್ಕೋಬೇಕಾಗಿರೋದು ಗಾಡಿ ಬದಲಾಯಿಸೋ ಜಾಗದ ಬಗ್ಗೆ. ನಾವಿಲ್ಲಿ ಮೈಸೂರಿಂದ ಅರಸೀಕೆರೆಗೆ ಹೋಗಿ ಇಳಿದು ಹುಬ್ಬಳ್ಳಿ ಕಡೆ ಗಾಡಿ ಹಿಡೀತೀವಲ್ಲ, ಅಲ್ಲಿ ಹೆಚ್ಚುಕಮ್ಮಿ ಎಲ್ಲಾ ಉದ್ದ ಜರ್ನಿನೂ ಹಾಗೇ, ಒಂದಲ್ಲ ಎರಡು ಅರಸೀಕೆರೆ ಇರತ್ತೆ, ಮಧ್ಯೆ ಸಿಗೋದು ಎಂಟೋ ಹತ್ತೋ ನಿಮಿಷ. ಟಿಕೆಟ್ ಮಾಡೋವಾಗ್ಲೇ ಇದನ್ನ ತಲೇಲಿ ಇಟ್ಕೊಂಡು ಮಾಡಿದ್ರೆ ಮುಕ್ಕಾಲು ತೊಂದ್ರೆ ಇಲ್ಲೇ ತೀರ್ತು.

ಹೊರಡೋಕ್ ಮುಂಚೆ ಮಾಡ್ಕೋಬೇಕಾದ್ದು

ಮೊದಲು ಕಾರ್ಡು. 2020ರ ಮಾರ್ಚ್ ಆದ್ಮೇಲೆ ನಮ್ಮ ಬ್ಯಾಂಕುಗಳು ಕೊಡೋ ಕಾರ್ಡಲ್ಲಿ ಹೊರದೇಶದ ವ್ಯವಹಾರ ಆಫ್ ಆಗೇ ಬರತ್ತೆ, ರಿಸರ್ವ್ ಬ್ಯಾಂಕ್ ರೂಲ್ಸು ಅದು. ಬ್ಯಾಂಕ್ ಆಪಿಗೆ ಹೋಗಿ ಇಂಟರ್‌ನ್ಯಾಷನಲ್ ಆನ್‌ಲೈನ್ ಅನ್ನೋದನ್ನ ಆನ್ ಮಾಡಿ, ಲಿಮಿಟ್ಟೂ ನೋಡಿ, ತುಂಬಾ ಜನ ಆನ್ ಮಾಡಿ ಲಿಮಿಟ್ ಸೊನ್ನೆ ಬಿಟ್ಟಿರ್ತಾರೆ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇರ್ಲಿ, ಬರೀ ರುಪೇ ಕಾರ್ಡ್ ನಂಬ್ಕೊಂಡು ಹೋಗ್ಬೇಡಿ. ಪೇಮೆಂಟ್ ಮಾಡೋವಾಗ ರೂಪಾಯಲ್ಲಿ ಕಟ್ತೀರಾ ಯೂರೋದಲ್ಲಿ ಕಟ್ತೀರಾ ಅಂತ ಕೇಳಿದ್ರೆ ಯೂರೋನೇ ಒತ್ತಿ, ರೂಪಾಯಿ ಒತ್ತಿದ್ರೆ ಅವರಿಟ್ಟ ರೇಟಲ್ಲಿ ಲೆಕ್ಕ ಹಾಕ್ತಾರೆ, ಸಾಮಾನ್ಯವಾಗಿ ದುಬಾರಿನೇ. ಆಮೇಲೆ ಓಟಿಪಿ. ಆದಷ್ಟು ಟಿಕೆಟ್ ಮನೇಲಿ ಕೂತೇ ಮಾಡ್ಕೊಂಡುಬಿಡಿ, ಅಲ್ಲಿಗೆ ಹೋದ್ಮೇಲೆ ಓಟಿಪಿ ಬರ್ಬೇಕು ಅಂದ್ರೆ ಇಲ್ಲಿನ ಸಿಮ್ಮಲ್ಲಿ ರೋಮಿಂಗ್ ಇರ್ಬೇಕು.

ಎರಡನೇದು ಹೆಸರು, ಇದು ನಮ್ಮೂರೋರಿಗೇ ಇರೋ ತೊಡಕು. ನಮ್ಮ ಅಪ್ಪನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ಇನಿಷಿಯಲ್ ಬಿಡಿಸಿ ಊರ ಹೆಸರು, ತಾತನ ಹೆಸರು ಎಲ್ಲಾ ಸೇರಿಸಿ ಒಂದೇ ಸಾಲಲ್ಲಿದೆ. ರೈಲ್ವೆ ಆಪುಗಳು ಸರ್‌ನೇಮ್ ತುಂಬದೇ ಮುಂದಕ್ಕೆ ಹೋಗೋಕೆ ಬಿಡಲ್ಲ. ನಾವು ಆ ಸಾಲಿನ ಕೊನೇ ಪದಾನ ಸರ್‌ನೇಮ್ ಜಾಗಕ್ಕೆ, ಮಿಕ್ಕಿದ್ದನ್ನ ಮೊದಲ ಹೆಸರಿಗೆ ಹಾಕಿದ್ವಿ, ಟಿಸಿ ಪಾಸ್‌ಪೋರ್ಟ್ ನೋಡಿ ಸರಿ ಅಂದ್ರು. ಮುಖ್ಯ ಏನಂದ್ರೆ ಟಿಕೆಟಲ್ಲಿರೋ ಪ್ರತಿ ಪದಾನೂ ಪಾಸ್‌ಪೋರ್ಟಲ್ಲಿ ಇರ್ಬೇಕು, ಮನೇಲಿ ಕರಿಯೋ ಹೆಸರು, ಬರೀ ಇನಿಷಿಯಲ್ಲು ಹಾಕ್ಬೇಡಿ.

ಮೂರನೇದು ವೀಸಾ. ಕಡಿಮೆ ರೇಟಿನ ಟಿಕೆಟ್ ಬೇಗ ಖಾಲಿ ಆಗತ್ತೆ, ವೀಸಾ ನಿಧಾನಕ್ಕೆ ಬರತ್ತೆ, ಇವೆರಡರ ಮಧ್ಯೆ ಸಿಕ್ಕಾಕೋತೀವಿ. ಷೆಂಗೆನ್ ವೀಸಾಗೆ, ಅಂದ್ರೆ ಯುರೋಪಿನ ತುಂಬಾ ದೇಶಕ್ಕೆ ಸೇರಿ ಇರೋ ಒಂದೇ ವೀಸಾಗೆ, ಹೊರಡೋಕೆ 6 ತಿಂಗಳು ಮುಂಚಿಂದಲೇ ಅರ್ಜಿ ಹಾಕಬಹುದು, ಹಾಗಾಗಿ ಅದನ್ನ ಮೊದಲು ಮುಗಿಸಿ. ವೀಸಾ ಕೈಗೆ ಬರೋತನಕ ರೀಫಂಡ್ ಆಗದೇ ಇರೋ ರೈಲು ಟಿಕೆಟ್ ತಗೋಬೇಡಿ, 20 ಯೂರೋ ಉಳಿಸೋಕೆ ಹೋಗಿ 200 ಯೂರೋ ಕಳ್ಕೊಂಡೋರನ್ನ ನೋಡಿದೀನಿ. ಲಂಡನ್ನಿಗೂ ಹೋಗ್ತೀವಿ ಅನ್ನೋರಿಗೆ ಬೇರೆ ಬ್ರಿಟಿಷ್ ವೀಸಾ ಬೇಕು, ಪ್ಯಾರಿಸ್ಸಿಂದ ಎರಡೂಕಾಲು ಗಂಟೆ ಅಷ್ಟೇ ಅಂತ ಷೆಂಗೆನ್ ವೀಸಾದಲ್ಲಿ ಹೋಗೋಕಾಗಲ್ಲ.

ದಾರಿ ಹುಡುಕೋದು

ಟಿಕೆಟ್ ಎಲ್ಲಿ ತಗೊಂಡ್ರೂ ಸರಿ, ದಾರಿ ಹುಡುಕೋಕೆ ಡಾಯ್ಚೆ ಬಾನ್ ಅನ್ನೋ ಜರ್ಮನ್ ರೈಲ್ವೆಯ ಸೈಟು ಅಥವಾ ಅವರ ಡಿಬಿ ನ್ಯಾವಿಗೇಟರ್ ಆಪು ನೋಡಿ. ಜರ್ಮನಿ ಒಂದೇ ಅಲ್ಲ, ಹೆಚ್ಚುಕಮ್ಮಿ ಇಡೀ ಯುರೋಪಿನ ಟೈಮ್‌ಟೇಬಲ್ ಅದರಲ್ಲಿದೆ, ಅವರು ಮಾರದೇ ಇರೋ ಗಾಡೀನೂ ತೋರಿಸತ್ತೆ, ಇಂಗ್ಲಿಷಲ್ಲೂ ಇದೆ. ಪ್ರತಿ ಗಾಡಿ ಎಲ್ಲೆಲ್ಲಿ ನಿಲ್ಲತ್ತೆ, ಯಾವ ಪ್ಲಾಟ್‌ಫಾರ್ಮು, ಇಳಿದು ಹತ್ತೋಕೆ ಎಷ್ಟು ನಿಮಿಷ, ಎಲ್ಲಾ ಬರತ್ತೆ. ಕೊಂಡ್ಕೊಳ್ಳೋದು ಮಾತ್ರ ಆಯಾ ದೇಶದ ರೈಲ್ವೆ ಹತ್ರ: ಸ್ವಿಸ್ಸಿಗೆ ಎಸ್‌ಬಿಬಿ, ಫ್ರಾನ್ಸಿಗೆ ಎಸ್‌ಎನ್‌ಸಿಎಫ್ ಕನೆಕ್ಟ್, ಆಸ್ಟ್ರಿಯಾಕ್ಕೆ ಓಬಿಬಿ, ಇಟಲಿಗೆ ಟ್ರೆನ್‌ಇಟಾಲಿಯಾ ಅಥವಾ ಇಟಾಲೋ. ನಮ್ಮ ಕಾರ್ಡ್ ತಗೋತಿಲ್ಲ ಅಂದ್ರೆ ಟ್ರೇನ್‌ಲೈನ್, ರೈಲ್ ಯುರೋಪ್ ಥರ ಮಧ್ಯದೋರಿದಾರೆ, ಅವರು ಬುಕಿಂಗ್ ಫೀ ಹಾಕ್ತಾರಾ ಅಂತ ಕೊನೇ ಪೇಜಲ್ಲಿ ನೋಡ್ಕೊಳ್ಳಿ.

ಊರ ಹೆಸರು ಅವರ ಭಾಷೇಲಿರತ್ತೆ. ಮ್ಯೂನಿಕ್ ಅಂದ್ರೆ ಮ್ಯುನ್ಷೆನ್, ಕೊಲೋನ್ ಅಂದ್ರೆ ಕ್ಯೋಲ್ನ್, ವಿಯೆನ್ನಾ ಅಂದ್ರೆ ವೀನ್, ಫ್ಲಾರೆನ್ಸ್ ಅಂದ್ರೆ ಫಿರೆಂಜೆ. ಫ್ರಾಂಕ್‌ಫರ್ಟ್ ಅಂತ ಎರಡು ಊರಿದೆ, ಮೈನ್ ನದಿ ಮೇಲಿರೋದು ನಮಗೆ ಬೇಕಾಗಿರೋದು, ಓಡರ್ ನದಿ ಮೇಲಿರೋದು ಪೋಲೆಂಡ್ ಗಡೀಲಿದೆ. ವೆನಿಸಲ್ಲಿ ಸಾಂತಾ ಲುಚಿಯಾ ಸ್ಟೇಷನ್ನಲ್ಲಿ ಇಳಿದ್ರೆ ಎದುರಿಗೇ ಕಾಲುವೆ, ಮೆಸ್ತ್ರೆ ಅನ್ನೋದು ನೀರಿನಾಚೆ ಇರೋ ಊರು. ನಮ್ಮಲ್ಲಿ ಬೆಂಗಳೂರು ಅಂತ ಹಾಕಿದ್ರೆ ಕೆಎಸ್‌ಆರ್, ಯಶವಂತಪುರ, ಬೈಯಪ್ಪನಹಳ್ಳಿ ಅಂತ ಬರತ್ತಲ್ಲ, ಅದೇ ಜಾಗ್ರತೆ ಅಲ್ಲೂ ಇರ್ಲಿ.

ಟಿಕೆಟ್‌ಗಳ ಜಾತಿ

ಐಆರ್‌ಸಿಟಿಸಿಯಲ್ಲಿ ಈಗ 60 ದಿನ ಮುಂಚೆ ಬುಕಿಂಗ್ ಓಪನ್ ಆಗತ್ತೆ, 2024ರ ನವೆಂಬರ್‌ಗೆ ಮುಂಚೆ 120 ದಿನ ಇತ್ತು. ಯುರೋಪಲ್ಲಿ ಒಂದೊಂದು ರೈಲ್ವೆಗೆ ಒಂದೊಂದು ಲೆಕ್ಕ, ಉದ್ದದ ಗಾಡಿಗಳಿಗೆ ಸಾಮಾನ್ಯವಾಗಿ ತಿಂಗಳುಗಟ್ಟಲೆ ಮುಂಚೆನೇ ಓಪನ್ ಆಗತ್ತೆ. ಡಿಸೆಂಬರ್ ಮಧ್ಯದ ಭಾನುವಾರ ಇಡೀ ಯುರೋಪಲ್ಲಿ ಟೈಮ್‌ಟೇಬಲ್ ಬದಲಾಗತ್ತೆ, ಹಾಗಾಗಿ ಅದಾದ್ಮೇಲಿನ ತಾರೀಕಿಗೆ ಹುಡುಕಿದಾಗ ಗಾಡಿನೇ ಕಾಣಿಸ್ತಿಲ್ಲ ಅಂದ್ರೆ ಗಾಬರಿ ಬೇಡ, ಇನ್ನೂ ಹಾಕಿರಲ್ಲ.

ಉದ್ದದ ಗಾಡಿಗಳ ರೇಟು ವಿಮಾನದ ಥರ ಏರತ್ತೆ. ಜರ್ಮನಿಯಲ್ಲಿ ಮೂರು ಥರ: ಸೂಪರ್ ಸ್ಪಾರ್‌ಪ್ರೈಸ್ ಅತಿ ಅಗ್ಗ, ಕ್ಯಾನ್ಸಲ್ ಮಾಡೋಕಾಗಲ್ಲ. ಸ್ಪಾರ್‌ಪ್ರೈಸ್ ಸ್ವಲ್ಪ ಜಾಸ್ತಿ, ಹೊರಡೋ ದಿನದ ಮುಂಚೆ ಫೀ ಕಟ್ಟಿ ಕ್ಯಾನ್ಸಲ್ ಮಾಡಬಹುದು, ಉಳಿದ ದುಡ್ಡು ವೋಚರ್ ಆಗಿ ಬರತ್ತೆ. ಫ್ಲೆಕ್ಸ್‌ಪ್ರೈಸ್ ದುಬಾರಿ, ಆದ್ರೆ ಆ ದಿನ ಆ ದಾರೀಲಿ ಯಾವ ಗಾಡಿ ಬೇಕಾದ್ರೂ ಹತ್ತಬಹುದು. ಮೊದಲೆರಡರಲ್ಲಿ ಟಿಕೆಟ್‌ನಲ್ಲಿ ಬರ್ದಿರೋ ಗಾಡೀನೇ ಹತ್ಬೇಕು, ಇದಕ್ಕೆ ಅವರು ಟ್ಸೂಗ್‌ಬಿಂಡುಂಗ್ ಅಂತಾರೆ, ಈ ಪದ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗತ್ತೆ. ಟಿಕೆಟ್ ಬೇರೆ ಸೀಟ್ ಬೇರೆ ಅನ್ನೋದೂ ನಮಗೆ ಹೊಸದು. ಟಿಕೆಟ್ ಇದ್ದೂ ಸೀಟ್ ರಿಸರ್ವ್ ಮಾಡಿಲ್ಲ ಅಂದ್ರೆ ಖಾಲಿ ಇರೋ ಕಡೆ ಕೂರಬಹುದು, ರಿಸರ್ವ್ ಆಗಿರೋರು ಬಂದ್ರೆ ಏಳ್ಬೇಕು. ವಯಸ್ಸಾದೋರಿದ್ರೆ ಐದಾರು ಯೂರೋ ಕೊಟ್ಟು ಸೀಟ್ ಮಾಡಿಸ್ಕೊಳ್ಳಿ. ಜರ್ಮನಿಯಲ್ಲಿ 14 ವರ್ಷದ ತನಕ ಮಕ್ಕಳು ದೊಡ್ಡೋರ ಜೊತೆ ಫ್ರೀ, ಆದ್ರೆ 6 ದಾಟಿದ್ರೆ ಬುಕ್ ಮಾಡೋವಾಗ್ಲೇ ಟಿಕೆಟಲ್ಲಿ ಅವರನ್ನೂ ಸೇರಿಸ್ಬೇಕು.

ಅಲ್ಲಿರೋ ನೆಂಟರು ಡಾಯ್ಚ್‌ಲ್ಯಾಂಡ್ ಟಿಕೆಟ್ ತಗೊಳ್ಳಿ, ತಿಂಗಳೆಲ್ಲಾ ಓಡಾಡಿ ಅಂತಾರೆ. ಒಂದೇ ಊರಿನ ಸುತ್ತಮುತ್ತ ಬಸ್ಸು ಟ್ರಾಮು ಲೋಕಲ್ ಗಾಡೀಲಿ ಓಡಾಡೋಕೆ ಅದು ಚಿನ್ನದಂಥದ್ದು, ಆದ್ರೆ ಐಸಿಇ, ಐಸಿ, ಇಸಿ ಅಂತ ಬರೋ ಎಕ್ಸ್‌ಪ್ರೆಸ್‌ಗಳಿಗೆ ನಡಿಯಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ರೆ ಲೋಕಲ್ ಗಾಡೀಲೂ 60 ಯೂರೋ ದಂಡ. ಮೇಲಾಗಿ ಅದು ತಿಂಗಳ ಚಂದಾ, ನಾವೇ ಕ್ಯಾನ್ಸಲ್ ಮಾಡೋತನಕ ದುಡ್ಡು ಹೋಗ್ತಾನೇ ಇರತ್ತೆ.

ಯೂರೇಲ್ ಪಾಸ್ ಬಗ್ಗೆ ಎಲ್ಲರೂ ಕೇಳ್ತಾರೆ. ಒಂದೇ ಪಾಸಲ್ಲಿ 33 ದೇಶದ ರೈಲಲ್ಲಿ ಓಡಾಡಬಹುದು, ನಮ್ಮಂಥ ಯುರೋಪಿನ ಹೊರಗಿನೋರಿಗೇ ಇರೋದು ಅದು. ನನ್ನ ಅಭಿಪ್ರಾಯ ಕೇಳಿದ್ರೆ ಎರಡು ಊರು ಮೂರು ಊರು ನೋಡೋರಿಗೆ ಬೇಡ, ಮುಂಚೆನೇ ಬುಕ್ ಮಾಡಿದ್ರೆ ಬಿಡಿ ಟಿಕೆಟ್ಟೇ ಅಗ್ಗ ಬೀಳತ್ತೆ. ಫ್ರಾನ್ಸಿನ ಟಿಜಿವಿ, ಲಂಡನ್ನಿಗೆ ಹೋಗೋ ಯೂರೋಸ್ಟಾರ್, ಇಟಲಿಯ ಫಾಸ್ಟ್ ಗಾಡಿಗಳಿಗೆ ಪಾಸ್ ಇದ್ರೂ ಸೀಟ್ ರಿಸರ್ವೇಷನ್ನಿಗೆ ಬೇರೆ ದುಡ್ಡು, ಅದೂ ಪಾಸಿನೋರಿಗೆ ಇಟ್ಟಿರೋ ಸೀಟು ಲಿಮಿಟ್ಟು. ದಿನಕ್ಕೊಂದು ಊರು ಅಂತ ಮನಸ್ಸು ಬಂದ ಕಡೆ ಹೋಗೋರಿಗೆ ಮಾತ್ರ ಅದು ಲಾಭ.

ಸ್ವಿಟ್ಜರ್ಲೆಂಡ್ ಕಥೆನೇ ಬೇರೆ. ಅಲ್ಲಿ ಮಾಮೂಲಿ ಟಿಕೆಟ್ ಯಾವ ಗಾಡಿಗೂ ಕಟ್ಟಿಹಾಕಿರಲ್ಲ, ಆ ದಿನ ಯಾವ ಗಾಡಿ ಬೇಕಾದ್ರೂ ಹತ್ತಿ, ಒಂದು ತಪ್ಪಿದ್ರೆ ಅರ್ಧ ಗಂಟೆಗೋ ಒಂದು ಗಂಟೆಗೋ ಇನ್ನೊಂದು. 1982ರಿಂದ ಅಲ್ಲಿ ಗಂಟೆ ಗಂಟೆಗೂ ಅದೇ ನಿಮಿಷಕ್ಕೆ ಗಾಡಿ ಹೊರಡೋ ಥರ ಟೈಮ್‌ಟೇಬಲ್ ಮಾಡಿದಾರೆ, ದೊಡ್ಡ ಜಂಕ್ಷನ್ನಿಗೆ ನಾಲ್ಕು ಕಡೆಯಿಂದ ಗಾಡಿಗಳು ಗಂಟೆ ಹೊಡಿಯೋಕೆ ಸ್ವಲ್ಪ ಮುಂಚೆ ಬಂದು ಸೇರ್ತವೆ, ಜನ ಬದಲಾಯಿಸ್ಕೋತಾರೆ, ಗಂಟೆ ಹೊಡೆದ ಸ್ವಲ್ಪ ಹೊತ್ತಿಗೆ ಎಲ್ಲಾ ಹೊರಟುಹೋಗ್ತವೆ. ಹಾಗಾಗಿ ಅಲ್ಲಿ 6 ನಿಮಿಷದ ಕನೆಕ್ಷನ್ ಅಂದ್ರೂ ಹೆದರ್ಬೇಡಿ, ಎಷ್ಟೋ ಸಲ ಎದುರು ಪ್ಲಾಟ್‌ಫಾರ್ಮಲ್ಲೇ ಗಾಡಿ ನಿಂತಿರತ್ತೆ. ಸೂಪರ್‌ಸೇವರ್ ಅಂತ ತಗೊಂಡ್ರೆ ಮಾತ್ರ ಅದೇ ಗಾಡಿ ಹತ್ಬೇಕು. ಸ್ವಿಸ್ ಟ್ರಾವೆಲ್ ಪಾಸ್ 3, 4, 6, 8, 15 ದಿನಕ್ಕೆ ಸಿಗತ್ತೆ, ರೈಲು ಬಸ್ಸು ದೋಣಿ ಎಲ್ಲಾ ಸೇರಿ, ಆದ್ರೆ 3454 ಮೀಟರ್ ಎತ್ತರದ ಯುಂಗ್‌ಫ್ರೌಯೋಹ್‌ಗೆ ಹೋಗೋ ಬೆಟ್ಟದ ರೈಲಿಗೆ ಪೂರ್ತಿ ನಡಿಯಲ್ಲ, ಕೊನೇ ಭಾಗಕ್ಕೆ ಡಿಸ್ಕೌಂಟ್ ಅಷ್ಟೇ. ಪಾಸ್ ತಗೊಂಡ್ರೆ ಎಲ್ಲಾ ಫ್ರೀ ಅಂತ ತಿಳ್ಕೊಂಡು ಹೋಗಿ ಅಲ್ಲಿ ಕೌಂಟರಲ್ಲಿ ರೇಟ್ ಕೇಳಿ ಬೇಜಾರು ಮಾಡ್ಕೊಳ್ಳೋರು ತುಂಬಾ.

ಕನೆಕ್ಷನ್, ಇದನ್ನ ನಿಧಾನಕ್ಕೆ ಓದಿ

ನಮಗಾದ ಒಂದು ಅನುಭವ ಹೇಳ್ತೀನಿ. ಗಡಿ ದಾಟೋ ಒಂದು ಜರ್ನಿಗೆ ಒಂದೇ ಟಿಕೆಟ್ ತಗೊಂಡ್ರೆ ದುಬಾರಿ ಅನ್ನಿಸ್ತು, ಅದಕ್ಕೆ ಗಡಿ ತನಕ ಒಂದು ಆಪಲ್ಲಿ, ಗಡಿಯಿಂದಾಚೆ ಇನ್ನೊಂದು ಆಪಲ್ಲಿ ಅಂತ ಎರಡು ಅಗ್ಗದ ಟಿಕೆಟ್ ಮಾಡಿದ್ವಿ, ಮೂರು ಜನಕ್ಕೆ ಒಟ್ಟು 40 ಯೂರೋ ಉಳೀತು. ಮಧ್ಯೆ 25 ನಿಮಿಷ ಇತ್ತು. ಮೊದಲ ಗಾಡಿ 47 ನಿಮಿಷ ಲೇಟಾಯ್ತು. ಎರಡನೇ ಗಾಡಿ ಹೋಗಿತ್ತು, ಕೌಂಟರಲ್ಲಿ ಕೇಳಿದ್ರೆ ನಿಮ್ಮ ಮೊದಲ ಟಿಕೆಟಿಗೂ ಇದಕ್ಕೂ ಸಂಬಂಧ ಇಲ್ಲ, ಹೊಸ ಟಿಕೆಟ್ ತಗೊಳ್ಳಿ ಅಂದ್ರು. ಅವತ್ತಿನ ರೇಟಲ್ಲಿ ಮೂರು ಟಿಕೆಟ್. ಅಮ್ಮ ಪ್ಲಾಟ್‌ಫಾರ್ಮಿನ ಬೆಂಚಲ್ಲಿ ಕೂತು ಮಂಡಿ ತಿಕ್ಕೋತಾ ಇದ್ರು, ಆ ಚಿತ್ರ ಇನ್ನೂ ಕಣ್ಣಲ್ಲಿದೆ. ಅವತ್ತಿಂದ ಈ ವಿಷಯ ಪೂರ್ತಿ ಓದ್ಕೊಂಡೆ.

ಯುರೋಪಿಯನ್ ಯೂನಿಯನ್ನಿನ ರೈಲು ಪ್ರಯಾಣಿಕರ ಕಾನೂನು ಒಂದಿದೆ, ಹೊಸದು 2023ರ ಜೂನ್ 7ರಿಂದ ಜಾರೀಲಿದೆ. ಅದರ ಪ್ರಕಾರ ಇಡೀ ಜರ್ನಿ ಒಂದೇ ಕಾಂಟ್ರಾಕ್ಟಲ್ಲಿದ್ರೆ, ಅಂದ್ರೆ ತ್ರೂ ಟಿಕೆಟ್ ಆಗಿದ್ರೆ, ಮೊದಲ ಗಾಡಿ ಲೇಟಾಗಿ ಎರಡನೇದು ತಪ್ಪಿದ್ರೂ ನಿಮ್ಮನ್ನ ಊರು ಮುಟ್ಟಿಸೋದು ಅವರ ಜವಾಬ್ದಾರಿ. ಕೊನೇ ಊರಿಗೆ 60 ನಿಮಿಷ ಅಥವಾ ಜಾಸ್ತಿ ಲೇಟಾಗತ್ತೆ ಅಂತ ಗೊತ್ತಾದ್ರೆ ಬೇರೆ ದಾರೀಲಿ ಕಳಿಸ್ಬೇಕು ಇಲ್ಲಾ ದುಡ್ಡು ವಾಪಸ್ ಕೊಡ್ಬೇಕು, ಅಷ್ಟು ಲೇಟಾದಾಗ ಸಾಧ್ಯ ಇದ್ದ ಕಡೆ ಊಟ ತಿಂಡಿ, ರಾತ್ರಿ ಉಳೀಬೇಕಾಗಿ ಬಂದ್ರೆ ಹೋಟೆಲ್ಲು ಸಹಾ. ಬೇರೆ ಬೇರೆ ಟಿಕೆಟ್ ಆದ್ರೆ ತಪ್ಪಿದ ಎರಡನೇ ಗಾಡಿಗೆ ಇದ್ಯಾವ್ದೂ ಕೇಳೋಕೆ ಹಕ್ಕಿಲ್ಲ. ನಮ್ಮಲ್ಲೂ ಎರಡು ಪಿಎನ್ಆರ್ ಲಿಂಕ್ ಮಾಡೋ ಸೌಲಭ್ಯ 2019ರಿಂದ ಇದೆ, ಲಿಂಕ್ ಮಾಡಿದ್ರೆ ಮಾತ್ರ ತಪ್ಪಿದ ಗಾಡೀದು ರೀಫಂಡ್, ಹೆಚ್ಚುಕಮ್ಮಿ ಅದೇ ಲೆಕ್ಕ.

ಹಾಗಾಗಿ ನನ್ನ ಮೊದಲ ಸಲಹೆ, ಗಾಡಿ ಬದಲಾಯಿಸೋ ಜರ್ನಿನ ಆದಷ್ಟು ಒಂದೇ ಟಿಕೆಟಲ್ಲಿ, ಒಂದೇ ರೈಲ್ವೆ ಹತ್ರ, ಒಂದೇ ಸಲ ಪೇಮೆಂಟ್ ಮಾಡಿ ತಗೊಳ್ಳಿ. ಕೊಂಡ್ಕೊಳ್ಳೋವಾಗ ಇದು ಬೇರೆ ಬೇರೆ ಕಾಂಟ್ರಾಕ್ಟು ಅಂತ ಎಲ್ಲಾದ್ರೂ ಬರ್ದಿದ್ಯಾ ನೋಡಿ, ಒಂದೇ ಪಿಡಿಎಫ್‌ನಲ್ಲಿ ಬಂದ ಮಾತ್ರಕ್ಕೆ ಒಂದೇ ಟಿಕೆಟ್ ಅಲ್ಲ. ಬೇರೆ ದಾರಿನೇ ಇಲ್ಲದೆ ಎರಡು ತಗೊಂಡ್ರೆ ಮಧ್ಯೆ ಒಂದೂವರೆ ಎರಡು ಗಂಟೆ ಬಿಡಿ, ಸ್ಟೇಷನ್ನಲ್ಲಿ ಕೂತು ಕಾಫಿ ಕುಡೀರಿ.

ಎರಡನೇದು, ಆಪಲ್ಲಿ ಬದಲಾಯಿಸೋ ಸಮಯ ಕನಿಷ್ಠ ಇಷ್ಟು ಇರ್ಲಿ ಅಂತ ಸೆಟ್ ಮಾಡೋಕೆ ಬರತ್ತೆ, ಡಿಬಿ ಆಪಲ್ಲಿ ಇದೆ. ಸುಮ್ನೆ ಬಿಟ್ರೆ 7 ನಿಮಿಷದ ಕನೆಕ್ಷನ್ನೂ ತೋರಿಸತ್ತೆ. ಜರ್ಮನಿಯ ಗಾಡಿಗಳು ಟೈಮಿಗೆ ಸರಿಯಾಗಿ ಬರ್ತವೆ ಅನ್ನೋದು ನಮ್ಮಲ್ಲಿ ಕೂತು ಅನ್ಕೊಂಡಿರೋದು, ಈಗ ಅಲ್ಲಿನೋರೇ ಒಪ್ಪಲ್ಲ. ಜೊತೇಲಿ ವಯಸ್ಸಾದೋರು, ಎರಡು ದೊಡ್ಡ ಸೂಟ್‌ಕೇಸ್ ಇದ್ರೆ 30 ನಿಮಿಷ ಇಟ್ಕೊಳ್ಳಿ, ಲಿಫ್ಟ್ ಹುಡುಕೋಕೇ ಐದು ನಿಮಿಷ ಬೇಕು, ಕೂಲಿಯೋರು ಅಲ್ಲಿಲ್ಲ. ದಿನದ ಕೊನೇ ಗಾಡಿಗೆ ಕನೆಕ್ಷನ್ ಇಟ್ಕೋಬೇಡಿ, ಅದಕ್ಕಿಂತ ಹಿಂದಿನದು ಹಿಡೀರಿ.

ಗಾಡಿ ತಪ್ಪಿತು ಅಂತಿಟ್ಕೊಳ್ಳಿ. ಜರ್ಮನ್ ಟಿಕೆಟಾದ್ರೆ ಕೊನೇ ಊರಿಗೆ 20 ನಿಮಿಷ ಅಥವಾ ಜಾಸ್ತಿ ಲೇಟಾಗೋ ಹಾಗಿದ್ರೆ ಆಗ್ಲೇ ಹೇಳಿದ್ನಲ್ಲ ಟ್ಸೂಗ್‌ಬಿಂಡುಂಗ್, ಆ ಕಟ್ಟು ಬಿಚ್ಚಿಹೋಗತ್ತೆ, ಅಗ್ಗದ ಟಿಕೆಟಲ್ಲೇ ಮುಂದಿನ ಗಾಡಿ ಹತ್ತಬಹುದು. ಆಪಲ್ಲಿ ಹಾಗಂತ ಮೆಸೇಜ್ ಬರತ್ತೆ, ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಬೇರೆ ದೇಶದಲ್ಲಾದ್ರೆ ಸುಮ್ನೆ ಇನ್ನೊಂದು ಗಾಡಿ ಹತ್ಬೇಡಿ, ಮೊದಲು ಲೇಟಾಗಿರೋ ಗಾಡಿಯ ಟಿಸಿ ಹತ್ರನೋ ಸ್ಟೇಷನ್ ಕೌಂಟರಲ್ಲೋ ಹೇಳಿ ಟಿಕೆಟ್ ಮೇಲೆ ಸೀಲೋ ಸಹಿಯೋ ಹಾಕಿಸ್ಕೊಳ್ಳಿ.

ವಿಮಾನ ಇಳಿದು ರೈಲು ಹಿಡಿಯೋದೂ ಒಂದು ಕನೆಕ್ಷನ್ನೇ. ಮೈಸೂರಿಂದ ಫ್ಲೈಬಸ್ಸಲ್ಲಿ ಏರ್‌ಪೋರ್ಟಿಗೆ ಹೋಗೋವಾಗ ಐದಾರು ಗಂಟೆ ಮುಂಚೆ ಹೊರಡ್ತೀವಿ, ಆದ್ರೆ ಅಲ್ಲಿ ಇಳಿದ್ಮೇಲೆ ಒಂದೇ ಗಂಟೆ ಬಿಟ್ಟು ರೈಲು ಬುಕ್ ಮಾಡಿರ್ತೀವಿ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ದೇಶಗಳು ಹೊರಗಿನೋರ ಬೆರಳಚ್ಚು, ಫೋಟೋ ತಗೊಂಡು ಎಂಟ್ರಿ ಮಾಡೋ ಹೊಸ ವ್ಯವಸ್ಥೆ ಶುರು ಮಾಡಿದಾವೆ, ಕ್ಯೂ ಉದ್ದ ಆಗತ್ತೆ. ಮೂರು ಗಂಟೆ ಬಿಡಿ, ಇಲ್ಲಾ ಫ್ಲೆಕ್ಸ್ ಟಿಕೆಟ್ ತಗೊಳ್ಳಿ. ಫ್ರಾಂಕ್‌ಫರ್ಟ್ ಏರ್‌ಪೋರ್ಟಲ್ಲಿ ಎರಡು ರೈಲ್ವೆ ಸ್ಟೇಷನ್ನಿದೆ, ಉದ್ದದ ಗಾಡಿಗೆ ಫೆರ್ನ್‌ಬಾನ್‌ಹೋಫ್, ಲೋಕಲ್ಲಿಗೆ ರೆಗಿಯೊನಾಲ್‌ಬಾನ್‌ಹೋಫ್.

ಪ್ಯಾರಿಸ್ಸಲ್ಲಿ ಸ್ಟೇಷನ್ನೇ ಬದಲಾಗತ್ತೆ. ಜರ್ಮನಿಯಿಂದ ನೇರ ಬರೋ ಗಾಡಿಗಳು ಹೆಚ್ಚಾಗಿ ಗಾರ್ ದ ಲೆಸ್ತ್, ಲಂಡನ್ ಬ್ರಸೆಲ್ಸ್ ಕಡೇದು ಗಾರ್ ದ್ಯು ನಾರ್, ಸ್ವಿಟ್ಜರ್ಲೆಂಡ್ ಮತ್ತು ದಕ್ಷಿಣ ಫ್ರಾನ್ಸಿಗೆ ಗಾರ್ ದ ಲಿಯೋಂ, ಬೋರ್ಡೋ ಕಡೆಗೆ ಮೊಂಪಾರ್ನಾಸ್. ಮೊದಲೆರಡರ ಮಧ್ಯೆ ನಡೆದ್ರೆ ಹತ್ತು ನಿಮಿಷ, ಮೆಟ್ಟಿಲಿದೆ. ನಾರ್‌ನಿಂದ ಲಿಯೋಂಗೆ ಆರ್‌ಇಆರ್ ಡಿ ಅನ್ನೋ ಲೋಕಲ್ ರೈಲು ಲೈನಲ್ಲಿ ಎರಡೇ ಸ್ಟಾಪು. ಲಗೇಜ್ ಇಟ್ಕೊಂಡು ಊರು ದಾಟೋಕೆ ಕನಿಷ್ಠ ಒಂದೂವರೆ ಗಂಟೆ ಇರ್ಲಿ. ಟಿಜಿವಿ ಬಾಗಿಲು ಹೊರಡೋಕೆ 2 ನಿಮಿಷ ಮುಂಚೆ ಮುಚ್ಚತ್ತೆ, ಓಡಿ ಹತ್ತೋ ಮಾತಿಲ್ಲ. ಯೂರೋಸ್ಟಾರಲ್ಲಿ ಲಂಡನ್ನಿಗೆ ಹೋಗೋದಾದ್ರೆ ಪಾಸ್‌ಪೋರ್ಟ್ ಚೆಕ್ಕು, ಬ್ಯಾಗ್ ಸ್ಕ್ಯಾನು ಎಲ್ಲಾ ಅಲ್ಲೇ ಸ್ಟೇಷನ್ನಲ್ಲಿ, ಒಂದೂವರೆ ಗಂಟೆ ಮುಂಚೆ ಅಲ್ಲಿರಿ.

ಗಾಡಿ ಹತ್ತೋ ದಿನ

ಹಿಂದಿನ ರಾತ್ರಿ ಆಪಲ್ಲಿ ಗಾಡಿ ಇದ್ಯಾ, ಸ್ಟ್ರೈಕ್ ಇದ್ಯಾ ನೋಡಿ. ಇಟಲಿಯಲ್ಲಿ ಸ್ಟ್ರೈಕನ್ನ ಶೋಪೆರೊ ಅಂತಾರೆ, ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಲೋಕಲ್ ಗಾಡಿಗಳು ಓಡ್ಲೇಬೇಕು ಅಂತ ರೂಲ್ಸಿದೆ, ಆ ಹೊತ್ತಿಗೆ ಪ್ಲಾನ್ ಬದಲಾಯಿಸ್ಕೊಳ್ಳಿ. ಅಲ್ಲೇ ಲೋಕಲ್ ಗಾಡಿಗೆ ಪೇಪರ್ ಟಿಕೆಟ್ ತಗೊಂಡ್ರೆ ಹತ್ತೋಕ್ ಮುಂಚೆ ಪ್ಲಾಟ್‌ಫಾರ್ಮಿನ ಮಿಷಿನ್ನಲ್ಲಿ ಸೀಲ್ ಹೊಡಿಸ್ಬೇಕು, ಮರೆತ್ರೆ ದಂಡ.

ಪ್ಲಾಟ್‌ಫಾರ್ಮಲ್ಲಿ ಎ, ಬಿ, ಸಿ ಅಂತ ಬೋರ್ಡ್ ಇರತ್ತೆ, ನಿಮ್ಮ ಬೋಗಿ ಯಾವ ಅಕ್ಷರದ ಹತ್ರ ಬರತ್ತೆ ಅಂತ ಸ್ಕ್ರೀನಲ್ಲೂ ಆಪಲ್ಲೂ ತೋರಿಸತ್ತೆ, ಅಲ್ಲೇ ಹೋಗಿ ನಿಂತ್ಕೊಳ್ಳಿ. ಮಂಡ್ಯದಲ್ಲಿ ಎಕ್ಸ್‌ಪ್ರೆಸ್ ನಿಲ್ಲೋ ಹಾಗೆ ಎರಡೇ ನಿಮಿಷ ನಿಲ್ಲೋ ಸ್ಟೇಷನ್ನೇ ಜಾಸ್ತಿ. ಇನ್ನೊಂದು, ಕೆಲವು ಗಾಡಿ ದಾರಿ ಮಧ್ಯೆ ಎರಡು ಭಾಗ ಆಗಿ ಬೇರೆ ಬೇರೆ ಕಡೆ ಹೋಗತ್ತೆ. ಇಂಟರ್‌ಲಾಕನ್ ಓಸ್ಟಿಂದ ಹೊರಡೋ ಬೆಟ್ಟದ ಗಾಡಿ ಟ್ಸ್ವೈಲ್ಯೂಟ್ಶಿನೆನ್ ಅನ್ನೋ ಸ್ಟೇಷನ್ನಲ್ಲಿ ಒಡೆದು ಒಂದು ಭಾಗ ಲೌಟರ್‌ಬ್ರುನೆನ್ನಿಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡಿಗೆ ಹೋಗತ್ತೆ. ಹತ್ತೋಕ್ ಮುಂಚೆ ಬೋಗಿ ಮೇಲಿನ ಊರ ಹೆಸರು ಓದ್ಕೊಳ್ಳಿ, ಮನೆಯೋರೆಲ್ಲ ಒಂದೇ ಬೋಗಿ ಹತ್ತಿ.

ಪಾಸ್‌ಪೋರ್ಟ್ ದೊಡ್ಡ ಬ್ಯಾಗಲ್ಲಿ ಹಾಕಿ ಮೇಲಿಡಬೇಡಿ, ಕೈಯಲ್ಲಿರೋ ಬ್ಯಾಗಲ್ಲಿರ್ಲಿ. ಷೆಂಗೆನ್ ಒಳಗೆ ಚೆಕ್ಕಿಂಗ್ ಇಲ್ಲ ಅಂತ ಹೇಳ್ತಾರೆ, ಆದ್ರೆ ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲಾ ಗಡೀಲೂ ಚೆಕ್ಕಿಂಗ್ ಶುರು ಮಾಡ್ತು, ಪೊಲೀಸರು ಗಾಡಿಯೊಳಗೇ ಬರ್ತಾರೆ. ಆ ಕಾರಣಕ್ಕೆ ಗಾಡಿ ಹತ್ತಿಪ್ಪತ್ತು ನಿಮಿಷ ನಿಲ್ಲೋದೂ ಇದೆ, ಗಡಿ ದಾಟಿದ ತಕ್ಷಣ ಬದಲಾಯಿಸೋದಿದ್ರೆ ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಊರು ಸೇರಿದ್ಮೇಲೆ

ಲೇಟಾಗಿದ್ರೆ ಸುಮ್ನಿರ್ಬೇಡಿ. ಕೊನೇ ಊರಿಗೆ 60ರಿಂದ 119 ನಿಮಿಷ ಲೇಟಾಗಿದ್ರೆ ಟಿಕೆಟ್ ದುಡ್ಡಿನ ಶೇ. 25, 120 ನಿಮಿಷ ದಾಟಿದ್ರೆ ಶೇ. 50 ವಾಪಸ್ ಕೇಳಬಹುದು. ಭಾರೀ ಪ್ರಕೃತಿ ವಿಕೋಪ, ಹಳಿ ಮೇಲೆ ಯಾರೋ ಬಂದಿದ್ದು ಇಂಥದ್ದಕ್ಕೆ ಕೊಡಲ್ಲ, ರೈಲ್ವೆ ಸಿಬ್ಬಂದಿ ಸ್ಟ್ರೈಕ್ ಮಾಡಿದ್ರೆ ಕೊಡ್ಲೇಬೇಕು. ಅರ್ಜಿ ಹಾಕೋಕೆ 3 ತಿಂಗಳು ಟೈಮಿದೆ, ಜರ್ಮನಿಯಲ್ಲಿ ಆಪಲ್ಲೇ ಟಿಕೆಟ್ ತೆಗೆದು ಮಾಡಬಹುದು. ಬ್ಯಾಂಕ್ ಅಕೌಂಟ್ ನಂಬರ್ ಕೇಳೋ ಜಾಗದಲ್ಲಿ ಐಬಾನ್ ಕೇಳ್ತಾರೆ, ನಮ್ಮ ಬ್ಯಾಂಕುಗಳಲ್ಲಿ ಅದಿಲ್ಲ. ನಾವು ಅಕ್ಕನ ಅಕೌಂಟ್ ಕೊಟ್ವಿ. ನೆಂಟರು ಯಾರೂ ಇಲ್ಲದೇ ಇರೋರು ವೋಚರ್ ಅಂತ ಆಪ್ಷನ್ ಇದ್ರೆ ಅದನ್ನ ಒತ್ತಿ, ಅದೇ ಟ್ರಿಪ್ಪಲ್ಲಿ ಮುಂದಿನ ಟಿಕೆಟಿಗೆ ಬಳಸ್ಕೊಳ್ಳಿ.